ಅಧ್ಯಕ್ಷರ ದುರ್ಬೀನಿನ ಕಡಿ

ನಮ್ಮ ಪಕ್ಕದ ತೋಟದ ವಿರುಪಾಕ್ಷಪ್ಪ ಒಂದು ದಿನ ಬೆಳಗ್ಗೆ ಎದ್ದವನೇ ಮರಾಠಿ ಮರೆತುಬಿಟ್ಟ. ಜ್ವರ ನೆತ್ತಿಗೇರಿದ್ದಲ್ಲ, ಮರದಿಂದ ಬಿದ್ದದ್ದೂ ಅಲ್ಲ. ಹಿಂದಿನ ಸಂಜೆ ಬೇಡಕಿಹಾಳದ ರಾಜ್ಯೋತ್ಸವದ ವೇದಿಕೆಯಲ್ಲಿ ಅವನನ್ನು ‘ಗಡಿನಾಡ ಕನ್ನಡ ಗರ್ಜನಾ ಸಂಘ’ದ ಅಧ್ಯಕ್ಷನನ್ನಾಗಿ ಆರಿಸಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಹಾರದ ಭಾರಕ್ಕೋ ಏನೋ, ಮೈಕು ಹಿಡಿದವನು, “ಇವತ್ತಿನಿಂದ ನನ್ನ ಬಾಯಾಗ ಒಂದ ಒಂದು ಮರಾಠಿ ಮಾತು ಬಂದ್ರ, ಬಂದ ಕ್ಷಣಕ್ಕ ಈ ಕುರ್ಚಿ ಬಿಡ್ತೇನಿ!” ಎಂದುಬಿಟ್ಟ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಉಪಾಧ್ಯಕ್ಷ ಧರೆಪ್ಪ. ಕುರ್ಚಿ ತೆರವಾದರೆ ಅದರಲ್ಲಿ ಕೂರಬೇಕಾದವನು ಅವನೇ.

ಅದು ಎಂಬತ್ತೆಂಟನೇ ಇಸವಿ. ಗಡಿ ಜಗಳದ ಕಾವು ಇನ್ನೂ ಆರಿರಲಿಲ್ಲ. ನಿಪ್ಪಾಣಿಯಿಂದ ಕಾಗವಾಡದವರೆಗೆ ಎರಡೂ ಕಡೆಯ ಶೂರರು ಹಗಲೆಲ್ಲ ಒಬ್ಬರ ಬೋರ್ಡಿಗೆ ಒಬ್ಬರು ಡಾಂಬರು ಬಳಿದು, ಸಂಜೆ ಒಂದೇ ಅಂಗಡಿಯ ಬಾಕಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಆದರೂ ಸಂಘದ ಕುರ್ಚಿ ಎಂದರೆ ಹಗುರವಲ್ಲ. ಮುಂದೆ ಜಿಲ್ಲಾ ಪರಿಷತ್ತಿನ ಟಿಕೆಟು ಹಂಚುವಾಗ ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ನೋಡುತ್ತಾರಂತೆ ಎಂದು ಯಾರೋ ವಿರುಪಾಕ್ಷಪ್ಪನ ಕಿವಿ ಊದಿದ್ದರು. ಧರೆಪ್ಪನ ಕಿವಿಯನ್ನೂ ಅವರೇ ಊದಿದ್ದರು.

ಆಣೆ ಮಾಡಿದ್ದು ಸುಲಭ, ಮಾತಾಡುವುದು ಕಷ್ಟವಾಯಿತು. ನಮ್ಮ ಕಡೆಯ ಕನ್ನಡದಿಂದ ಮರಾಠಿಯನ್ನು ಆರಿಸಿ ತೆಗೆಯುವುದೆಂದರೆ ಕಲಸಿದ ಹಿಟ್ಟಿನಿಂದ ನೀರನ್ನು ಆರಿಸಿ ತೆಗೆದ ಹಾಗೆ. ಆಳುಗಳಿಗೆ ಪಗಾರ ಕೊಡುತ್ತಿದ್ದವನು ‘ವೇತನ’ ಕೊಡತೊಡಗಿದ. ಲಗೂನ ಬರ್ರಿ ಎನ್ನುತ್ತಿದ್ದವನು ‘ಶೀಘ್ರ ಬರ್ರಿ’ ಎಂದು ಕೂಗಿದಾಗ, ಕಬ್ಬು ಕಡಿಯುವ ಹೆಂಗಸರು, “ಶೀಘ್ರಪ್ಪ ಅನ್ನಾಂವ ನಮ್ಮ ಗ್ಯಾಂಗಿನ್ಯಾಗ ಇಲ್ರಿ” ಎಂದರು. ಧರೆಪ್ಪ ಕಿವಿ ತೆರೆದುಕೊಂಡು ಬೆನ್ನ ಹಿಂದೆಯೇ ತಿರುಗುತ್ತಿದ್ದ. ಆಗಾಗ ಒಂದು ಶಬ್ದ ಹಿಡಿದು, ಹೊಲದಲ್ಲಿ ಹೆಗ್ಗಣ ಹಿಡಿದವನಂತೆ ಎತ್ತಿ ತೋರಿಸುತ್ತ ಸಭೆಗೆ ತರುತ್ತಿದ್ದ. ಕೊನೆಗೆ ಸಂಘದ ಕಾರ್ಯದರ್ಶಿ ಜ್ಞಾನದೇವ ಒಂದು ನಿಯಮ ಹೊರಡಿಸಿದ: ನಮ್ಮ ಆಯಿ, ಮುತ್ತ್ಯಾ ಆಡಿದ ಮಾತೆಲ್ಲ ಕನ್ನಡವೇ. ಆಯಿ ಎಂದರೆ ನಮ್ಮ ಕಡೆಯ ಕನ್ನಡದಲ್ಲಿ ಅಜ್ಜಿ, ಮುತ್ತ್ಯಾ ಎಂದರೆ ಅಜ್ಜ. ಜ್ಞಾನದೇವ ಶಾಲೆಯಲ್ಲಿ ಕನ್ನಡ ಕಲಿಸುವ ಮಾಸ್ತರ. ಅವನ ತಾಯಿ ಪಂಢರಪುರಕ್ಕೆ ಹರಕೆ ಹೊತ್ತು ಹಡೆದದ್ದರಿಂದ ಆ ಹೆಸರು. ಹೆಂಡತಿಯ ತವರು ಗಡಿಯಾಚೆಯ ಇಚಲಕರಂಜಿ. ಇದ್ಯಾವುದೂ ತೀರ್ಪು ಕೊಡಲು ಅವನಿಗೆ ಅಡ್ಡ ಬರಲಿಲ್ಲ.

ವಿರುಪಾಕ್ಷಪ್ಪನ ತಾಯಿ ಅಕ್ಕವ್ವನ ತವರೂ ಗಡಿಯಾಚೆಯ ಕುರುಂದವಾಡ. ಅಲ್ಲಿ ಅಕ್ಕಾತಾಯಿ, ಇಲ್ಲಿ ಅಕ್ಕವ್ವ. ಸೊಸೆಯಾಗಿ ಬಂದು ಈ ಮಣ್ಣಲ್ಲೇ ತಲೆ ಹಣ್ಣಾದವಳು. ನಮಗಿಂತ ಚಂದ ಕನ್ನಡ ಆಡುತ್ತಿದ್ದಳು. ಊರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಬೀಸುಕಲ್ಲಿನ ಹಾಡಿಗೆ ಅವಳೇ ಬೇಕು. ಆದರೆ ಎರಡು ಜೀವಗಳ ಜೊತೆ ಮಾತ್ರ ಅವಳ ಮಾತು ಮರಾಠಿ: ಹಟ್ಟಿಯ ಎಮ್ಮೆ, ಹೊಟ್ಟೆಯ ಮಗ. ಉಳಿದ ಜಗತ್ತಿಗೆಲ್ಲ ಕನ್ನಡ. ಮಗನೂ ಬಾಯಿ ಬಂದಾಗಿನಿಂದ ಅವಳನ್ನು ‘ಆಯೀ’ ಎಂದೇ ಕರೆದವನು. ಮರಾಠಿಯಲ್ಲಿ ಹಾಗೆಂದರೆ ತಾಯಿ.

ಅಧ್ಯಕ್ಷನಾದ ಮರುದಿನ ಅವನು ಅಂಗಳದಲ್ಲಿ ನಿಂತು “ಅವ್ವಾ” ಎಂದ. ಅಕ್ಕವ್ವ ತಿರುಗಿ ನೋಡಲಿಲ್ಲ. ಮತ್ತೆ ಕರೆದ, ಮತ್ತೂ ಕರೆದ. ಆಗ ಅವಳು ಬೇಲಿಯ ಈಚೆ ಇದ್ದ ನನ್ನ ಕಡೆ ಮುಖ ಮಾಡಿ, “ಏ ತಮ್ಮಾ, ನಿಮ್ಮವ್ವನ್ನ ಯಾರೋ ಕರಿಯಾಕತ್ತಾರ ನೋಡು” ಎಂದಳು.

“ನಿನ್ನ ಕರಿಯಾಕತ್ತೇನಿ. ಇನ್ನ ಮ್ಯಾಲ ನನ್ನ ಜೋಡಿ ಕನ್ನಡದಾಗ ಮಾತಾಡು ಅವ್ವಾ. ನನಗ ಮರಾಠಿ ತಿಳಿಯೂದಿಲ್ಲ” ಎಂದ ವಿರುಪಾಕ್ಷಪ್ಪ.

“ಬರಂ ಬಾಳಾ” ಎಂದಳು ಅಕ್ಕವ್ವ. ಆಯ್ತು ಮಗನೇ ಎಂದು, ಮರಾಠಿಯಲ್ಲಿ. ವರ್ಷವಿಡೀ ಹಾಗೆಯೇ ನಡೆಯಿತು. ಅವನು ಕನ್ನಡದಲ್ಲಿ ಕೇಳುವುದು, ಅವಳು ಮರಾಠಿಯಲ್ಲಿ ಬಡಿಸುವುದು. ಅನ್ನಕ್ಕೆ ಮಾತ್ರ ಭಾಷೆಯಿಲ್ಲದ್ದರಿಂದ ಅವನು ಬದುಕಿದ.

ಇನ್ನು ಬಂದೂಕಿನ ವಿಷಯ. ಅವರ ಮನೆಯಲ್ಲಿ ಅಪ್ಪನ ಕಾಲದ ಒಂದು ರೈಫಲ್ ಇತ್ತು, ಬೆಳೆ ಕಾಯಲೆಂದು ಲೈಸೆನ್ಸ್ ಪಡೆದದ್ದು. ದೂಧಗಂಗೆಯ ದಂಡೆಯ ಕಬ್ಬಿಗೆ ಹಂದಿ ನುಗ್ಗಿದರೆ ಅಪ್ಪ ಆಕಾಶಕ್ಕೊಂದು ಗುಂಡು ಹಾರಿಸುತ್ತಿದ್ದ. ಹಂದಿಗಳೂ ದೊಡ್ಡ ಮನಸ್ಸು ಮಾಡಿ ಅಷ್ಟಕ್ಕೇ ಹಿಂತಿರುಗುತ್ತಿದ್ದವು. ಮಗನ ಕಾಲಕ್ಕೆ ಅದು ಖಂಡೇನವಮಿಯ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಕಪಾಟು ಸೇರುವ ದೇವರಾಗಿತ್ತು. ಮುಂದಿನ ರಾಜ್ಯೋತ್ಸವ ಹತ್ತಿರ ಬಂದಾಗ ವಿರುಪಾಕ್ಷಪ್ಪನಿಗೆ ಅದರ ನೆನಪಾಯಿತು. ರಿಬ್ಬನ್ ಕತ್ತರಿಸುವುದನ್ನು ಎಲ್ಲರೂ ಮಾಡುತ್ತಾರೆ. ತಾನು ಮಡಕೆಯಲ್ಲಿ ಅರಿಷಿಣ ಕುಂಕುಮ ತುಂಬಿ, ತನ್ನ ತೋಟದ ಕಣದ ಆಚೆ, ಕಾಲುವೆಯ ದೊಡ್ಡ ಒಡ್ಡಿನ ಮುಂದೆ ಗಳಕ್ಕೆ ತೂಗುಹಾಕಿ, ಜನರೆದುರು ಗುಂಡಿಟ್ಟು ಒಡೆಯುವುದು; ಹಳದಿ, ಕೆಂಪು ಗಾಳಿಯಲ್ಲಿ ಹಾರುವುದು; ಆಮೇಲೆ ನಾಡಗೀತೆ.

ಆದರೆ ಅವನ ಗುರಿ ಊರಿಗೆಲ್ಲ ಗೊತ್ತಿದ್ದದ್ದೇ. ಬಾವಿಯ ದಂಡೆಯಲ್ಲಿ ನಿಂತು ಕಲ್ಲೆಸೆದರೂ ಬಾವಿಗೆ ಬಿದ್ದೀತೆಂಬ ಭರವಸೆ ಇರಲಿಲ್ಲ. ಇದನ್ನು ತಿಳಿದೇ, ಅವನಿಗೆ ದೂರದ ಮಾವನಾಗಬೇಕಾದ, ಸಕ್ಕರೆ ಕಾರ್ಖಾನೆಯ ಡೈರೆಕ್ಟರ ತಾತ್ಯಾಸಾಹೇಬ, ಪರದೇಶದಿಂದ ತಂದ ಒಂದು ದುರ್ಬೀನು ಕೊಟ್ಟು ಕಳಿಸಿದ. ರೈಫಲ್ಲಿನ ನೆತ್ತಿಯ ಮೇಲೆ ಕೂರಿಸಿ ಒಂದೇ ಕಣ್ಣಲ್ಲಿ ನೋಡುವ ಉದ್ದನೆಯ ದುರ್ಬೀನು. ನೋಡಿದರೆ ಗುಬ್ಬಿಯ ಕಣ್ಣಿನ ಪಿಸುರೂ ಕಾಣುತ್ತಿತ್ತು. ಆದರೆ ಬರೀ ದುರ್ಬೀನು ಬಂದೂಕಿನ ಮೇಲೆ ತಾನಾಗಿ ಕೂರುವುದಿಲ್ಲವಲ್ಲ. ಅದನ್ನು ಮುಂದೊಂದು, ಹಿಂದೊಂದು ಹಿಡಿಯಲು ಎರಡು ಉಕ್ಕಿನ ಬಳೆ ಬೇಕು. ತಾತ್ಯಾಸಾಹೇಬ ಬಳೆ ಕಳಿಸುವುದನ್ನು ಮರೆತಿದ್ದ.

ನಮ್ಮ ಕಡೆ ಏನೇ ಕೂರಿಸಬೇಕಾದರೂ ಮೊದಲು ಪಂಪ್‌ಸೆಟ್ಟಿನ ಸಾಮಾನು ನೆನಪಾಗುತ್ತದೆ. ಮೋಟಾರು ರಿಪೇರಿಯ ಹಾಲಸಿದ್ದ ಬಂದು, ರಬ್ಬರ್ ಪೈಪಿಗೆ ಬಿಗಿಯುವ ಎರಡು ಕ್ಲಿಪ್ಪು ಹಾಕಿ, ನೀರು ಸೋರಬಾರದು ಎನ್ನುವ ಹಾಗೆ ತಿರುವಿದ. ತಿರುವುತ್ತ ತಿರುವುತ್ತ ದುರ್ಬೀನು ಮಗ್ಗುಲಾಯಿತು. ಒಳಗಿನ ಗುರಿಗೆರೆ ಕೂಡಿಸುವ ಗುರುತಿನ ಹಾಗೆ ನೆಟ್ಟಗಿದ್ದದ್ದು ವಾಲಿ, ಗುಣಿಸುವ ಗುರುತಾಯಿತು.

“ಕೂಡಸೂದು ಇದ್ದದ್ದು ಗುಣಸೂದು ಆತ್ರಿ. ಲಾಭ ಅಲ್ರೀ?” ಎಂದ ಹಾಲಸಿದ್ದ.

ಲಾಭ ಬೇಡವೆಂದು ಮೀರಜಿನ ಬಾಳಾಸಾಬನಿಗೆ ಹೇಳಿ ಕಳಿಸಿದರು. ಬಾಳಾಸಾಬನ ಮನೆತನಕ್ಕೆ ಬಂದೂಕು ರಿಪೇರಿಯೇ ಕಸುಬು. ಅವನ ಅಜ್ಜ ಸಂಸ್ಥಾನದ ಬಂದೂಕುಗಳಿಗೆ ಎಣ್ಣೆ ಹಾಕಿದವನಂತೆ. ಮೊಮ್ಮಗ ಆ ಎಣ್ಣೆಯ ಜಾರಿಕೆಯಲ್ಲೇ ಇನ್ನೂ ನಡೆಯುತ್ತಿದ್ದ. ಮಗಳನ್ನು ಅಥಣಿಗೆ ಕೊಟ್ಟಿದ್ದಾನೆ, ಕನ್ನಡ ನೀರು ಕುಡಿದಂತೆ ಬರುತ್ತದೆ. ಆಣೆಗೆ ಮುಂಚೆ ಅಥಣಿಯ ದನದ ಪೇಟೆಯಲ್ಲಿ ಇವನೂ ವಿರುಪಾಕ್ಷಪ್ಪನೂ ಎರಡೂ ಭಾಷೆಯಲ್ಲಿ ಮಧ್ಯಾಹ್ನವಿಡೀ ಹರಟೆ ಹೊಡೆದದ್ದನ್ನು ನಾನೇ ಕಂಡಿದ್ದೆ. ಆದರೆ ತಗಡಿನ ಪೆಟ್ಟಿಗೆ ಹೊತ್ತು ಬಸ್ಸಿಳಿದು ತೋಟಕ್ಕೆ ಬಂದವನಿಗೆ ಬಾಗಿಲಲ್ಲಿ ‘ಇಲ್ಲಿ ಕನ್ನಡ ಮಾತ್ರ’ ಎಂಬ ಬೋರ್ಡು ಕಂಡಿತು. ಓದಿದ. ಚೆನ್ನಾಗಿಯೇ ಓದಿದ. “ಅಸಂ ಕಾ?”, ಅಂದರೆ ಹೀಗೋ, ಎಂದವನೇ ಅಲ್ಲಿಯೇ, ಆ ನಿಂತ ಕಾಲಲ್ಲಿಯೇ ಕನ್ನಡ ಮರೆತುಬಿಟ್ಟ.

ಹೀಗೆ ಮರಾಠಿ ಮರೆತವನೊಬ್ಬ, ಕನ್ನಡ ಮರೆತವನೊಬ್ಬ, ಕಣದಲ್ಲಿ ಕಂಬಳಿ ಹಾಸಿಕೊಂಡು ಎದುರುಬದುರು ಕೂತರು. ನಡುವೆ ಬಂದೂಕು. ಸುತ್ತ ಸಂಘ. ಅಕ್ಕವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

ಬಾಳಾಸಾಬ ಅರಿವೆ ಹರಡಿ ಮೂರು ಜೊತೆ ಬಳೆ ಇಟ್ಟ. ಮರಾಠಿಯಲ್ಲಿ ಅದಕ್ಕೆ ಕಡೀ ಅನ್ನುತ್ತಾರೆ. ಗಿಡ್ಡ, ನಡುವಿನದು, ಎತ್ತರದ್ದು. ಗಿಡ್ಡ ಬಳೆಯಲ್ಲಿ ಇಟ್ಟಾಗ ದುರ್ಬೀನಿನ ಮುಂದಿನ ಅಗಲ ಬಾಯಿ ನಳಿಕೆಗೆ ತಗುಲಿತು. ತಲೆ ಅಲ್ಲಾಡಿಸಿ ತೆಗೆದ. ನಡುವಿನದರಲ್ಲಿ ಇಟ್ಟಾಗ ಬಾಯಿಗೂ ನಳಿಕೆಗೂ ನಡುವೆ ಮಡಚಿದ ಪೋಸ್ಟ್‌ಕಾರ್ಡು ಹಾಯುವಷ್ಟು ಸಂದು ಉಳಿಯಿತು. ಹಿಡಿಕೆಗೆ ಕೆನ್ನೆ ಒತ್ತಿದರೆ ಕಣ್ಣು ನೆಟ್ಟಗೆ ಗಾಜಿನ ಹಿಂದೆ ಬಂತು. ಬಾಳಾಸಾಬ ಸಂತೋಷದಿಂದ ತನ್ನ ಬೆರಳಿಗೆ ತಾನೇ ಮುತ್ತು ಕೊಟ್ಟುಕೊಂಡ. ಅಷ್ಟರಲ್ಲಿ ವಿರುಪಾಕ್ಷಪ್ಪನ ಕೈ ಎತ್ತರದ ಬಳೆಯ ಮೇಲಿತ್ತು.

“ಇವು ಹಾಕು. ಅಧ್ಯಕ್ಷರ ಬಂದೂಕು ಐತಿ. ದೂರದಿಂದ ಜನಕ್ಕ ಕಾಣಬೇಕು.”

“ಉಂಚ ನಕೋ! ಮಧಲೀ ಘ್ಯಾ!” ಎಂದ ಬಾಳಾಸಾಬ. ಎತ್ತರದ್ದು ಬೇಡ, ನಡುವಿನದು ತಗೊಳ್ಳಿ ಎಂದು.

“ಏನಂತಾನ?” ವಿರುಪಾಕ್ಷಪ್ಪ ಕಾರ್ಯದರ್ಶಿಯತ್ತ ತಿರುಗಿದ.

“ತಿಳೀಲಿಲ್ರಿ” ಎಂದ ಇಚಲಕರಂಜಿಯ ಅಳಿಯ. “ಆದ್ರ ಎತ್ತರಂದು ಕನ್ನಡದ ಘನತೆಗೆ ಒಪ್ಪತೈತ್ರಿ.”

ಎತ್ತರದ್ದೇ ಆಯಿತು. ಎತ್ತರ ಏರಿದ ಮೇಲೆ ಕೆನ್ನೆ ಹಿಡಿಕೆಯನ್ನು ಮುಟ್ಟಲಿಲ್ಲ. ಗಲ್ಲ ಎತ್ತಿ, ಕತ್ತು ನೀಡಿ ನೋಡಬೇಕು. ಅಧ್ಯಕ್ಷನಾದವನಿಗೆ ಗಲ್ಲ ಎತ್ತುವುದು ಹೊಸದೇನಲ್ಲ, ಅದರಲ್ಲಿ ತೊಂದರೆಯೇ ಕಾಣಲಿಲ್ಲ.

ಇನ್ನು ದುರ್ಬೀನನ್ನು ಎಷ್ಟು ಮುಂದೆ, ಎಷ್ಟು ಹಿಂದೆ ಕೂರಿಸಬೇಕು ಎಂಬ ಅಳತೆ. ಗುಂಡು ಹೊಡೆಯುವಾಗ ಹೇಗೆ ನಿಲ್ಲುತ್ತೀರೋ ಹಾಗೆ ಬಾಗಿ ನಿಲ್ಲಿ ಎಂದು ಬಾಳಾಸಾಬ ಬಾಗಿ ತೋರಿಸಿದ. ವಿರುಪಾಕ್ಷಪ್ಪ ಒಳಗೆ ಹೋಗಿ, ರಾಜ್ಯೋತ್ಸವಕ್ಕೆಂದು ತರಿಸಿದ್ದ ಮೈಸೂರು ಪೇಟ ಇಟ್ಟುಕೊಂಡು ಬಂದು, ಎದೆ ಮುಂದೆ, ತಲೆ ಹಿಂದೆ, ಫೋಟೋಕ್ಕೆ ನಿಂತ ಹಾಗೆ ನಿಂತ. ಅಷ್ಟು ದೂರದಿಂದ ಗಾಜಿನಲ್ಲಿ ನಾಲ್ಕಾಣೆಯಷ್ಟು ಬೆಳಕು ಕಂಡರೆ ಹೆಚ್ಚು. ಕೈಯಿಂದಲೇ ದುರ್ಬೀನನ್ನು ಹಿಂದಕ್ಕೆ, ತನ್ನ ಕಡೆಗೆ ಎಳೆದ.

“ಚಾರ ಬೋಟ! ಡೋಳ್ಯಾಪಾಸನ ಚಾರ ಬೋಟ!” ಬಾಳಾಸಾಬ ನಾಲ್ಕು ಬೆರಳು ಜೋಡಿಸಿ ಕಣ್ಣಿನ ಮುಂದೆ ಹಿಡಿದ. ಕಣ್ಣಿಗೂ ದುರ್ಬೀನಿಗೂ ನಾಲ್ಕು ಬೊಟ್ಟು ಅಂತರ ಇರಬೇಕು ಎಂದು ಕೂಸಿಗೂ ತಿಳಿಯುವ ಹಾಗೆ.

“ನಾಕು ಬೋಟು?” ಎಂದ ವಿರುಪಾಕ್ಷಪ್ಪ. “ನಮ್ಮ ಹೊಳ್ಯಾಗ ಎರಡ ಅದಾವ. ಬಂದೂಕಿಗೆ ದೋಣಿ ಯಾತಕ್ಕ?”

ಸಂಘ ಬಿದ್ದು ಬಿದ್ದು ನಕ್ಕಿತು. ಬಾಳಾಸಾಬ ಬಂದೂಕನ್ನು ಹಿಡಿದು “ಸೋಡಾ! ಸೋಡಾ!” ಎಂದು ಕೂಗಿದ. ಬಿಡು, ಬಿಡು ಎಂದು ಅದರ ಅರ್ಥ.

“ಪಾಪ, ನೀರಡಿಕಿ ಆಗೇತಿ. ಒಂದ ಸೋಡಾ ತರಸ್ರಿ” ಎಂದ ವಿರುಪಾಕ್ಷಪ್ಪ. ಗೋಲಿ ಸೋಡಾ ಬಂತು. ಬಾಳಾಸಾಬ ಅದನ್ನು ಕಣ್ಣು ಕೆಂಪಗೆ ಮಾಡಿಕೊಂಡು ಕುಡಿದ. ನಿಜಕ್ಕೂ ನೀರಡಿಕೆಯಾಗಿತ್ತು.

ಕುಡಿದು ಬಾಯಿ ಒರೆಸಿಕೊಂಡು, “ಕಡೀ ಪುಢಂ! ಕಡೀ, ಕಡೀ!” ಎಂದು ಬಳೆಯನ್ನು ಮುಂದಕ್ಕೆ ಸರಿಸಲು ಮತ್ತೆ ಬೊಟ್ಟು ಮಾಡಿದ.

“ಕಡಿ ಅಂತಾನ. ಏನ ಕಡೀಬೇಕಂತ?” ಎಂದು ವಿರುಪಾಕ್ಷಪ್ಪ ಕೇಳುವುದರೊಳಗೆ ಹಾಲಸಿದ್ದ ಗರಗಸ ಹಿಡಿದು ಎದ್ದೇ ಬಿಟ್ಟಿದ್ದ. ಬಾಳಾಸಾಬ ಬಂದೂಕನ್ನು ಎದೆಗವಚಿಕೊಂಡು ಹಿಂದೆ ಸರಿದ.

ಆಗ ಕಟ್ಟೆಯ ಮೇಲಿನಿಂದ ಅಕ್ಕವ್ವ ತಲೆಯೆತ್ತದೆ ಹೇಳಿದಳು: “ವಿರೂ, ಚಾರ ಬೋಟ ಲಾಂಬ ಠೇವ ರೆ. ನಾಹೀತರ ಚಾವಲ.” ನಾಲ್ಕು ಬೊಟ್ಟು ದೂರ ಇಡೋ, ಇಲ್ಲದಿದ್ದರೆ ಅದು ಕಡಿದೀತು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಗಂಡ ಹೊಡೆಯುವುದನ್ನು ಕಂಡವಳು ಅವಳು.

“ಅವ್ವಾ, ಕನ್ನಡದಾಗ ಹೇಳಿದ್ರ ಕೇಳ್ತೇನಿ.”

“ತುಲಾ ಸಮಜಲಂಯ” ಎಂದಳು. ನಿನಗೆ ತಿಳಿದಿದೆ ಎಂದು. ಮತ್ತೆ ಅವರೆಕಾಯಿ ಸುಲಿಯತೊಡಗಿದಳು.

ನೀನಾದರೂ ಹೇಳಬಹುದಿತ್ತಲ್ಲ ಎಂದು ನನ್ನನ್ನು ಕೇಳಬೇಡಿ. ಹೇಳಿದೆ. ಅಚ್ಚ ಕನ್ನಡದಲ್ಲಿ, ನಾಲ್ಕು ಬೊಟ್ಟು ತೋರಿಸಿ ಹೇಳಿದೆ. ವಿರುಪಾಕ್ಷಪ್ಪ ನನ್ನನ್ನೇ ನೋಡಿ, “ಅಣ್ಣಾ, ನೀ ಹೇಳಿದ್ದು ಯಾವ ಭಾಷಾದಿಂದ ಬಂತು?” ಎಂದ. ಮರಾಠಿಯಿಂದ ಎಂದೆ. “ಹಂಗಾದ್ರ ಬ್ಯಾಡ ಬಿಡು” ಎಂದ. ಧರೆಪ್ಪ ಹತ್ತಿರವೇ ನಿಂತಿದ್ದ. ಮರಾಠಿಯ ಮಾತಿಗೆ ತಲೆಯಾಡಿಸಿದರೂ ಕುರ್ಚಿ ಅಲ್ಲಾಡೀತು ಎಂಬ ಭಯ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಬಾಳಾಸಾಬನಿಗೂ ಸಿಟ್ಟು ನೆತ್ತಿಗೇರಿತು. ವಿರುಪಾಕ್ಷಪ್ಪ ಹೇಳಿದ ಜಾಗದಲ್ಲೇ, ಕಣ್ಣಿಗೆ ಅಂಟುವ ಹಾಗೆ ದುರ್ಬೀನು ಇಟ್ಟು ಬಿಗಿದ. ಬಿಗಿಯುವುದನ್ನು ಮಾತ್ರ ಕೆಲಸಗಾರನ ಹಾಗೆಯೇ ಬಿಗಿದ: ಈ ಮೂಲೆಯ ತಿರುಪು ಸ್ವಲ್ಪ, ಆ ಮೂಲೆಯದು ಸ್ವಲ್ಪ, ಎಲ್ಲೂ ಒತ್ತಡ ಹೆಚ್ಚಾಗದಂತೆ. ಗುರಿಗೆರೆ ನೆಟ್ಟಗೆ ನಿಂತಿತು. ಅನಾಹುತವೂ ಅಷ್ಟೇ ನೆಟ್ಟಗೆ ನಿಂತಿತು. ‘ಕಡೀತೈತಿ’ ಎಂದು ಒಂದೇ ಒಂದು ಕನ್ನಡ ಮಾತು ಅಂದಿದ್ದರೆ ಅವನ ಅಜ್ಜನ ಸಂಸ್ಥಾನವೇನೂ ಮುಳುಗುತ್ತಿರಲಿಲ್ಲ. ಅನ್ನಲಿಲ್ಲ. ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದ. ಗಡಿಯ ಈಚೆಗೊಬ್ಬ ಹುಂಬ, ಆಚೆಗೊಬ್ಬ ಹುಂಬ. ನಕಾಶೆಯಲ್ಲಿ ಗೆರೆ ಎಲ್ಲಿ ಹಾದರೂ ನಮ್ಮ ಪಾಲಿಗೆ ಇಬ್ಬರೂ ಬಿದ್ದದ್ದೇ.

ರಾಜ್ಯೋತ್ಸವದ ದಿನ ಕಣದ ತುಂಬ ಜನ. ವಿರುಪಾಕ್ಷಪ್ಪನ ಹೆಂಡತಿ ಹೆರಿಗೆಗೆ ರಾಯಬಾಗದ ತವರಿಗೆ ಹೋಗಿದ್ದಳು. ಅಕ್ಕವ್ವ ಎಂದಿನಂತೆ ಕಟ್ಟೆಯ ಮೇಲೆ. ಒಡ್ಡಿನ ಮುಂದೆ ಮಡಕೆ ತೂಗುತ್ತಿತ್ತು. ಜ್ಞಾನದೇವ ಮೈಕಿನಲ್ಲಿ, “ಈಗ ಅಧ್ಯಕ್ಷರು ಕನ್ನಡದ ಗುರಿಯನ್ನು ಸಾಧಿಸಲಿದ್ದಾರೆ” ಎಂದ. ಧರೆಪ್ಪ ಅಧ್ಯಕ್ಷರ ಮಗ್ಗುಲಲ್ಲಿ ಕಿವಿ ಚೂಪು ಮಾಡಿಕೊಂಡು ನಿಂತಿದ್ದ.

ವಿರುಪಾಕ್ಷಪ್ಪ ಎದೆ ಮುಂದೆ ಮಾಡಿ ರೈಫಲ್ ಎತ್ತಿದ. ಫೋಟೋ ತೆಗೆದರು. ಫೋಟೋ ಮುಗಿದ ಮೇಲೆ ಗುಂಡು ಹೊಡೆಯಬೇಕಲ್ಲ. ಎದೆ ಮುಂದೆ ಮಾಡಿ ನಿಂತರೆ ಅಷ್ಟು ಭಾರದ ಬಂದೂಕಿನ ಮೂತಿ ನಿಲ್ಲುತ್ತಿಲ್ಲ. ಒಮ್ಮೆ ಮಡಕೆ ಕಂಡರೆ ಒಮ್ಮೆ ಮೋಡ ಕಾಣುತ್ತಿತ್ತು. ಆಗ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಮುಂದಕ್ಕೆ ಬಾಗಿದ. ಎತ್ತರದ ಬಳೆಯ ದೆಸೆಯಿಂದ ಕೆನ್ನೆಗೆ ಆಸರೆಯಿಲ್ಲ, ಕತ್ತು ನೀಡಿದ. ಕಣ್ಣು ಹೋಗಿ ಗಾಜಿಗೆ ತಾಗಿತು. ನಾಲ್ಕು ಬೊಟ್ಟಿನ ಮಾತು ಹಾಗಿರಲಿ, ಕೂದಲು ಹಾಯಲೂ ಸಂದಿರಲಿಲ್ಲ. ಬಂದೂಕಿನ ಕುದುರೆ ಎಳೆದ.

ಡಂ ಎಂದಿತು. ಗುಂಡು ಒಡ್ಡಿನ ಮಣ್ಣಿಗೆ ಹೋಯಿತು, ಮಡಕೆ ತೂಗುತ್ತಲೇ ಇತ್ತು. ಬಂದೂಕು ಹಿಂದಕ್ಕೆ ಒದ್ದ ರಭಸಕ್ಕೆ ದುರ್ಬೀನಿನ ಅಂಚು ಹುಬ್ಬಿನ ಮೇಲೆ ಕಚ್ಚಿತು. ಬಾಳಾಸಾಬನ ಕಡೀ ಅಂತೂ ಕನ್ನಡದಲ್ಲೇ ಕಡಿಯಿತು. ಪೇಟ ಹಾರಿತು, ರಕ್ತ ಇಳಿಯಿತು. ವಿರುಪಾಕ್ಷಪ್ಪನ ಬಾಯಿಂದ, ಮೈಕಿನ ಮುಂದೆಯೇ, ಇಡೀ ತೋಟಕ್ಕೆ ಕೇಳುವ ಹಾಗೆ ಹೊರಟಿತು:

“ಆಯೀ ಗ!”

ಅಮ್ಮಾ ಎಂದು. ಹೊಳೆಯಾಚೆಯ ಊರುಗಳಲ್ಲಿ ಚೇಳು ಕಡಿದವರು, ಹೆರಿಗೆ ನೋವಿನವರು, ಸಾಯುವವರು ಅನ್ನುವ ಮಾತು.

ಮೊದಲು ಎದ್ದವಳು ಅಕ್ಕವ್ವ. ಆ ವಯಸ್ಸಿನಲ್ಲಿ ಅವಳು ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. “ಕಾಯ ಝಾಲಂ ರೆ ಬಾಳಾ!”, ಏನಾಯಿತೋ ಮಗನೇ, ಎನ್ನುತ್ತ ಬಂದು, ಸೀರೆಯ ಸೆರಗು ಹರಿದು, ಮಗನನ್ನು ನೆಲಕ್ಕೆ ಕೂರಿಸಿ ಹುಬ್ಬಿನ ಮೇಲೆ ಒತ್ತಿ ಹಿಡಿದಳು. ಒಂದು ವರ್ಷದ ಮೇಲೆ ಮಗ ಕರೆದಿದ್ದ. ಮುಖದ ತುಂಬ ಗಾಬರಿ ಇತ್ತು, ನಿಜ. ಆದರೆ ಅದರ ಕೆಳಗೆ ಇನ್ನೊಂದೂ ಇತ್ತು, ಅದನ್ನು ಸಂತೋಷವೆಂದು ಹೇಳಿದರೆ ತಪ್ಪಾಗದು.

“ಅಂದ್ರು!” ಧರೆಪ್ಪ ಕುಣಿದ. “ಎಲ್ಲಾರೂ ಕೇಳಿದ್ರಿಲ್ಲೋ? ಆಯೀ ಗ ಅಂದ್ರು! ಅಪ್ಪಟ ಮರಾಠಿ! ಕುರ್ಚಿ ಬಿಡ್ರಿ ಅಧ್ಯಕ್ಷರ!”

ರಕ್ತ ಸುರಿಯುತ್ತಿತ್ತು. ಆದರೆ ಅದಕ್ಕಿಂತ ಅವಸರದ್ದು ವ್ಯಾಕರಣ. ಸಂಘದ ತುರ್ತು ಸಭೆ ಅಲ್ಲೇ, ಗಾಯದ ಸುತ್ತ ನೆರೆಯಿತು.

ಜ್ಞಾನದೇವ ಕೈ ಎತ್ತಿದ. “ನಿಲ್ರಿ, ಗಡಬಡಿ ಮಾಡಬ್ಯಾಡ್ರಿ. ಆಯಿ ಅನ್ನೂದು ಕನ್ನಡ. ಆಯಿ ಅಂದ್ರ ಅಜ್ಜಿ. ನಮ್ಮ ನಿಯಮದಾಗನ ಐತಿ.”

“ಆಯಿ ಕನ್ನಡ, ಒಪ್ಪಿದ್ವಿ. ‘ಗ’ ಎಲ್ಲಿಂದ ಬಂತ್ರಿ ಮಾಸ್ತರ?” ಎಂದ ಧರೆಪ್ಪ.

“ಆಯಿಗ. ಅಂದ್ರ ಆಯಿಗೆ. ಚತುರ್ಥೀ ವಿಭಕ್ತಿ.”

“ನಡುವ ಉಸರ ತಗೊಂಡ್ರಲ್ಲ! ಮೊದಲ ಆಯೀ, ಆಮ್ಯಾಲ ಗ. ನನ್ನ ಕಿವಿ ಇಲ್ಲೇ ಇತ್ತು.”

“ನೋವಿನ್ಯಾಗ ಉಸರ ತುಂಡಾಗತೈತ್ರಿ, ವಿಭಕ್ತಿ ತುಂಡಾಗೂದಿಲ್ಲ” ಎಂದ ಜ್ಞಾನದೇವ. ಜನ ಹೌದು ಹೌದು ಎಂದರು. ಅವರಲ್ಲಿ ಅರ್ಧ ಜನ ಅಂದು ಬೆಳಗ್ಗೆ ಎಡವಿ ಅದೇ ಮಾತು ಅಂದವರು.

ಧರೆಪ್ಪ ಸೋಲುವವನಲ್ಲ. “ಆತು. ಆಯಿಗ ಅಂದ್ರು. ಆಯಿಗ ಏನು? ಮಾತು ಪೂರಾ ಆಗ್ಲಿ. ಅಧ್ಯಕ್ಷರ ಹೇಳ್ಲಿ. ನೀವು ನೆನಸಿದ್ದು ನಿಮ್ಮ ಅಜ್ಜಿನ್ನೋ, ಇಲ್ಲಾ ಕರದದ್ದು ಇವರನ್ನೋ?” ಎಂದು ಅಕ್ಕವ್ವನ ಕಡೆ ಬೊಟ್ಟು ಮಾಡಿದ.

ಅಕ್ಕವ್ವ ಜನರನ್ನು ನೋಡಲಿಲ್ಲ, ಮಗನನ್ನು ನೋಡಿದಳು. ಕೈ ಹುಬ್ಬಿನ ಮೇಲೆಯೇ ಇತ್ತು. ವಿರುಪಾಕ್ಷಪ್ಪ ಒಂದು ಕಣ್ಣಲ್ಲಿ ತಾಯಿಯನ್ನು ನೋಡಿದ, ಅದೇ ಕಣ್ಣಲ್ಲಿ ವೇದಿಕೆಯ ಮೇಲಿನ ಕುರ್ಚಿಯನ್ನೂ ನೋಡಿದ. ಇನ್ನೊಂದು ಕಣ್ಣು ಅವಳ ಅಂಗೈ ಕೆಳಗಿತ್ತು.

“ಆಯಿಗ...” ಎಂದ. “ತೀರಿಹೋದ ನಮ್ಮ ಆಯಿಗ ನಮಸ್ಕಾರ ಅಂತ ಹೇಳಾಕ ಹೊಂಟಿದ್ನಿ. ಅವ್ವನ್ನ ನಾ ಕರದಿಲ್ಲ.”

ಚಪ್ಪಾಳೆಯೋ ಚಪ್ಪಾಳೆ. ಧರೆಪ್ಪನೂ ತಟ್ಟಬೇಕಾಯಿತು.

ಅಕ್ಕವ್ವ ತನ್ನ ಕೈ ತೆಗೆದಳು. ಮಗನ ಬಲಗೈ ಹಿಡಿದು, ಅರಿವೆಯ ಮೇಲೆ ಇಟ್ಟು, “ಗಟ್ಟಿ ಹಿಡಕೋರಿ. ರಕ್ತ ಇನ್ನೂ ನಿಂತಿಲ್ಲ” ಎಂದಳು.

ಕನ್ನಡ. ಅದೂ ‘ರಿ’ ಹಚ್ಚಿದ ಕನ್ನಡ. ಊರ ಗೌಡರಿಗೆ, ಬಸ್ಸಿನ ಕಂಡಕ್ಟರನಿಗೆ, ಗುರುತಿಲ್ಲದವರಿಗೆ ಅವಳು ಆಡುತ್ತಿದ್ದ ಕನ್ನಡ. ವಿರುಪಾಕ್ಷಪ್ಪ ಮಾತ್ರ ಗಾಯ ಮರೆತು ಎದ್ದು ನಿಂತು, “ಕೇಳಿದ್ರೇನ? ನಮ್ಮವ್ವನೂ ಕನ್ನಡದಾಗ ಮಾತಾಡಿದ್ಲು! ಒಂದ ವರ್ಷದ ಹೋರಾಟ!” ಎಂದು ಮೈಕಿಗೆ ಹೇಳಿದ. ಮತ್ತೆ ಚಪ್ಪಾಳೆ. ಹಾಲಸಿದ್ದ ಬಿದಿರು ಗಳ ತಂದು ಮಡಕೆ ಒಡೆದ. ಗಾಳಿ ಇಲ್ಲದ್ದರಿಂದ ಅರಿಷಿಣ ಕುಂಕುಮ ಅವನ ತಲೆಯ ಮೇಲೆಯೇ ಬಿತ್ತು. ನಾಡಗೀತೆಯೂ ಆಯಿತು.

ಕುರ್ಚಿ ಉಳಿಯಿತು. ಟಿಕೆಟು ಸಿಗಲಿಲ್ಲ, ಅದು ತಾತ್ಯಾಸಾಹೇಬನ ಅಳಿಯನಿಗೆ ಹೋಯಿತು, ಎರಡೂ ಕಡೆ ಮಾತಾಡಬಲ್ಲವನು ಬೇಕು ಎಂಬ ಕಾರಣ ಹೇಳಿ. ವಿರುಪಾಕ್ಷಪ್ಪನ ಹುಬ್ಬಿನ ಮೇಲೆ ಬಳೆಯ ಅಂಚಿನಂತಹ ಅರ್ಧಚಂದ್ರದ ಗಾಯ ಉಳಿಯಿತು. ಅದು ಹೋರಾಟದಲ್ಲಿ ಆದದ್ದು ಎಂದು ಶಿರಗುಪ್ಪಿಯ ಸಭೆಯೊಂದರಲ್ಲಿ ಅವನು ಹೇಳಿದ್ದನ್ನು ಕೇಳಿದವರಿದ್ದಾರೆ.

ಆದರೆ ನಾನು ಹೇಳಬೇಕಾದದ್ದು ಅದೇ ದಿನದ ಸಂಜೆಯ ಮಾತು. ಜನ ಚದುರಿದ್ದರು. ಬೇಲಿಯ ಈಚೆ ನಾನು ದನಕ್ಕೆ ಮೇವು ಹಾಕುತ್ತಿದ್ದೆ. ಅಕ್ಕವ್ವ ಅಡುಗೆಮನೆಯ ಬಾಗಿಲಿಗೆ ಬಂದು, “ಅಧ್ಯಕ್ಷರ, ಊಟಕ್ಕ ಏಳ್ರಿ. ಆರತೈತಿ” ಎಂದಳು.

ಕಟ್ಟೆಯ ಮೇಲೆ ಕೂತಿದ್ದ ವಿರುಪಾಕ್ಷಪ್ಪ ಸುತ್ತ ನೋಡಿದ. ಧರೆಪ್ಪ ಇರಲಿಲ್ಲ, ಯಾರೂ ಇರಲಿಲ್ಲ. ನಾನು ಮೇವಿನ ಹೊರೆಯ ಹಿಂದಿದ್ದೆ. ಅವನು ಬಹಳ ಮೆಲ್ಲಗೆ, “ಆಯೀ” ಎಂದ.

“ನಿಮ್ಮ ಆಯಿ ತೀರಿ ಭಾಳ ವರ್ಷ ಆತ್ರಿ, ಅಧ್ಯಕ್ಷರ” ಎಂದಳು ಅಕ್ಕವ್ವ. ಸಿಟ್ಟಿನಿಂದ ಅಲ್ಲ, ದಾರಿ ಕೇಳಿದವರಿಗೆ ದಾರಿ ಹೇಳುವ ಹಾಗೆ.

ತಾಟು ಬಡಿಸಿಟ್ಟು ಅವಳು ಹಟ್ಟಿಗೆ ಹೋದಳು. ಎಮ್ಮೆಯ ಬೆನ್ನು ತಟ್ಟಿ, “ಕಾಯ ಗ ಬಾಯೀ, ಜೇವಲೀಸ ಕಾ?” ಎಂದು ಕೇಳಿದಳು. ಊಟ ಆಯಿತೇನೇ ಎಂದು. ಆಮೇಲೆ ಅದರ ಕಿವಿಯ ಹತ್ತಿರ ಬಾಯಿಟ್ಟು ಇನ್ನೂ ಏನೇನೋ ಹೇಳುತ್ತಲೇ ಇದ್ದಳು, ಎಲ್ಲ ಮರಾಠಿಯಲ್ಲಿ.

ವಿರುಪಾಕ್ಷಪ್ಪ ಹುಬ್ಬಿಗೆ ಅರಿವೆ ಒತ್ತಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ. ಪ್ರತಿಯೊಂದು ಮಾತೂ ಅವನಿಗೆ ತಿಳಿಯುತ್ತಿತ್ತು.